ಇಲ್ಲಿ ಕಾಯಿರಿ

ನನ್ನ ಹೆಸರು ಸಾಕಮ್ಮ. ಹೆಸರಿಟ್ಟವರಿಗೆ ಏನು ಸಾಕಾಗಿತ್ತೋ ಗೊತ್ತಿಲ್ಲ, ಬಹುಶಃ ಹೆಣ್ಣುಮಕ್ಕಳು. ನನಗಂತೂ ಈ ಊರು, ಈ ಊರಿಗೆ ಬರುವ ಜನ, ಅವರು ಎತ್ತಿ ಹಿಡಿದುಕೊಂಡೇ ಓಡಾಡುವ ಮೊಬೈಲು ಎಲ್ಲವೂ ಸಾಕಾಗಿದೆ. ಊರ ನಡುವೆ ಒಂದು ಬಿಸಿನೀರಿನ ಬುಗ್ಗೆ ಇದೆ. ಸುತ್ತ ಕಾಡು. ಆ ಕಾಡನ್ನು ಸರ್ಕಾರ ರಾಷ್ಟ್ರೀಯ ಉದ್ಯಾನ ಎಂದು ಕರೆದ ಮೇಲೆ ಒಣಗಿದ ಕಡ್ಡಿ ಮುರಿದು ತಂದರೂ ತಪ್ಪು. ಮನೆಗೆ ಬರುವ ಗ್ಯಾಸು ಅಡುಗೆಗೆ ಸಾಲುವುದೇ ಕಷ್ಟ. ಹಾಗಾಗಿ ನಮ್ಮ ಸ್ನಾನಕ್ಕೆ, ಬಟ್ಟೆಗೆ, ಬಾಣಂತಿಯರ ನೀರಿಗೆ ಬುಗ್ಗೆಯೇ ಗತಿ. ಅದು ಉಕ್ಕಿದಾಗ ನೀರು ತೆಂಗಿನಮರದೆತ್ತರಕ್ಕೆ ಹಾರಿ, ಕಲ್ಲಿನ ಕಾಲುವೆಗೆ ಬಿದ್ದು, ಊರಬಚ್ಚಲಿನ ತೊಟ್ಟಿಗಳನ್ನು ತುಂಬುತ್ತದೆ. ಉಕ್ಕದಿದ್ದರೆ ಊರಿಗೆಲ್ಲ ತಣ್ಣೀರು.

ಉಕ್ಕುವುದಕ್ಕೆ ಅದರದ್ದು ಒಂದೇ ಷರತ್ತು. ಯಾರೂ ಅದಕ್ಕಾಗಿ ಕಾಯಬಾರದು. ನೋಡಬಹುದು, ಪಕ್ಕದಲ್ಲೇ ಕೂತು ಹರಟೆ ಹೊಡೆಯಬಹುದು, ಬೇಕಾದರೆ ಬೈಯಬಹುದು. ಆದರೆ ಈಗ ಉಕ್ಕುತ್ತದೆ, ಇನ್ನೇನು ಉಕ್ಕುತ್ತದೆ ಎಂದು ಒಬ್ಬರೇ ಒಬ್ಬರು ಕಾದು ಕೂತರೂ ಬಾಯಿ ಮುಚ್ಚಿಕೊಂಡುಬಿಡುತ್ತದೆ. ಒಲೆಯ ಮೇಲಿನ ಹಾಲಿನ ಬುದ್ಧಿ ಯಾವ ಹೆಂಗಸಿಗೆ ಗೊತ್ತಿಲ್ಲ? ನಿಂತು ನೋಡುವಷ್ಟು ಹೊತ್ತೂ ಸಾಧುವಿನ ಹಾಗಿದ್ದು, ಬಾಗಿಲಲ್ಲಿ ಯಾರು ಬಂದರು ಎಂದು ಕತ್ತು ತಿರುಗಿಸಿದ ಕೂಡಲೇ ಒಲೆಯೆಲ್ಲ ಚೆಲ್ಲಾಡುತ್ತದೆ. ನಮ್ಮೂರಿನಲ್ಲಿ ಕಾಯುವುದು ನೀರಿನ ಕೆಲಸ, ನಮ್ಮದಲ್ಲ. ನಾವು ಕಾದರೆ ನೀರು ಕಾಯುವುದಿಲ್ಲ, ಅಷ್ಟೇ ವಿಷಯ.

ಇದಕ್ಕೆ ತಕ್ಕ ಹಾಗೆ ಬದುಕುವುದನ್ನು ಊರು ಕಲಿತಿದೆ. ಸ್ನಾನಕ್ಕೆ ಹೋಗುವವರು ಟವೆಲನ್ನು ಹೆಗಲ ಮೇಲೆ ಹಾಕಿಕೊಳ್ಳುವುದಿಲ್ಲ, ಆಸೆ ಎದ್ದು ಕಾಣುತ್ತದೆ ಎಂದು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು, ಅಂಗಡಿಗೆ ಹೊರಟವರ ಹಾಗೆ ಹೊರಡುತ್ತಾರೆ. ದಾರಿಯಲ್ಲಿ ಸಿಕ್ಕವರು ಎಲ್ಲಿಗೆ ಎಂದು ಕೇಳಿದರೆ ಎಲ್ಲಿಗೂ ಇಲ್ಲ ಎನ್ನುತ್ತಾರೆ. ಬುಗ್ಗೆಯ ಕಟ್ಟೆಯ ಮೇಲೆ ಗಂಡಸರು ಚೌಕಾಬಾರ ಆಡುತ್ತಾರೆ, ಹೆಂಗಸರು ಹೇನು ಹೆಕ್ಕುತ್ತಾರೆ, ಎಲ್ಲರೂ ಬೇರೆ ಏನಕ್ಕೋ ಬಂದವರೇ. ಬೇರೆ ಊರಿನಿಂದ ಮದುವೆಯಾಗಿ ಬಂದ ಸೊಸೆಯರಿಗೆ ಇದು ಕರಗತವಾಗಲು ಒಂದೆರಡು ವರ್ಷ ಹಿಡಿಯುತ್ತದೆ. ಅಷ್ಟು ದಿನ ಅವರನ್ನು ಬುಗ್ಗೆಯ ಕಡೆ ಬಿಡುವುದಿಲ್ಲ, ತಣ್ಣೀರಿನಲ್ಲಿ ಮೀಯುತ್ತಾರೆ, ಬೇಗ ಕಲಿಯುತ್ತಾರೆ.

ನನ್ನ ಕೆಲಸ ಪ್ರವಾಸಿಗಳು ಕಾಯದಂತೆ ನೋಡಿಕೊಳ್ಳುವುದು. ನಮ್ಮತ್ತೆ ಮಾಡುತ್ತಿದ್ದರು, ಅವರಾದ ಮೇಲೆ ನನಗೆ ಬಂತು. ದೂರದೂರದಿಂದ ದುಡ್ಡು ಕೊಟ್ಟು ಬಂದ ಜನರಿಗೆ, ನೀವು ನೋಡಲು ಬಂದದ್ದನ್ನು ಮರೆತುಬಿಡಿ ಎಂದು ಹೇಳಿದರೆ ಮರೆಯುತ್ತಾರೆಯೇ? ಇನ್ನೂ ಕಣ್ಣರಳಿಸಿಕೊಂಡು ಕೂರುತ್ತಾರೆ. ಮರೆಸಬೇಕು. ಹೆಂಗಸರಿಗೆ, ಪಕ್ಕದ ಮನೆಯ ಸೊಸೆ ಮಾಡಿದ್ದನ್ನು ಅರ್ಧ ಹೇಳಿ ನಿಲ್ಲಿಸುತ್ತೇನೆ. ಗಂಡಸರದ್ದು ಇನ್ನೂ ಸುಲಭ. ಯಾವ ದಾರಿಯಲ್ಲಿ ಬಂದಿರಿ ಎಂದು ಕೇಳಿ, ಅಯ್ಯೋ ಅದು ಸುತ್ತು, ಆ ಕಡೆಯದ್ದೇ ಹತ್ತಿರ ಎಂದರೆ ಸಾಕು. ಒಬ್ಬ ಹೌದು ಎನ್ನುತ್ತಾನೆ, ಇನ್ನೊಬ್ಬ ಇಲ್ಲ ಎನ್ನುತ್ತಾನೆ, ಪರಿಚಯವೇ ಇಲ್ಲದವರು ಕೈ ಎತ್ತಿ ಎತ್ತಿ ವಾದಿಸುತ್ತಿರುವಾಗ ಬೆನ್ನ ಹಿಂದೆ ಬುಗ್ಗೆ ಭರ್ರೆಂದು ಏಳುತ್ತದೆ. ಆಗ ಎಲ್ಲರೂ ತಿರುಗಿ ನೋಡಿ ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆ ಬುಗ್ಗೆಗೆ. ನನ್ನ ಗಂಟಲು ಒಣಗಿದ್ದನ್ನು ಕೇಳುವವರಿಲ್ಲ.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಉದ್ಯಾನದ ಹೊಸ ಅಧಿಕಾರಿಯಾಗಿ ನಿರಂಜನ ಎನ್ನುವವರು ಬಂದರು. ಚಿಕ್ಕ ವಯಸ್ಸು, ಒಳ್ಳೆಯ ಮನುಷ್ಯ, ಒಳ್ಳೆಯವರಿಂದಲೇ ನನಗೆ ಹೆಚ್ಚು ತಲೆನೋವು. ಬಂದವರೇ ಬುಗ್ಗೆಯ ಎದುರು ಮೆಟ್ಟಿಲು ಮೆಟ್ಟಿಲಾಗಿ ಸಿಮೆಂಟಿನ ಬೆಂಚು ಕಟ್ಟಿಸಿ, ಹಸಿರು ಬಣ್ಣ ಹೊಡೆಸಿ, ಕಬ್ಬಿಣದ ಕಂಬಗಳಿಗೆ ದೊಡ್ಡ ಬೋರ್ಡು ಹಾಕಿಸಿದರು. ಗೀಸರ್ ವೀಕ್ಷಣಾ ಸ್ಥಳ, ದಯವಿಟ್ಟು ಇಲ್ಲಿ ಕಾಯಿರಿ. ಇದನ್ನು ಓದಿ ನಮ್ಮ ಯಜಮಾನರು, ಗೀಸರ್ ಅಂದರೆ ಬಚ್ಚಲಲ್ಲಿ ಗೋಡೆಗೆ ನೇತುಹಾಕುವುದಲ್ಲವೇ ಎಂದು ಕೇಳಿದರು. ಬಚ್ಚಲಿನದಕ್ಕೆ ಆ ಹೆಸರು ಬಂದದ್ದೇ ಇಂಥ ಬುಗ್ಗೆಯಿಂದ ಎಂದು ಸಾಹೇಬರು ತಾಳ್ಮೆಯಿಂದ ಹೇಳಿದರು. ಮಾರನೆಯ ದಿನ ಒಬ್ಬ ಪ್ರವಾಸಿ ಬಂದು, ಗೀಸರು ಕರೆಂಟಿನದೋ ಗ್ಯಾಸಿನದೋ ಎಂದು ನನ್ನನ್ನು ವಿಚಾರಿಸಿದ. ಅವನಿಗೆ ತಾಳ್ಮೆಯಿಂದ ಹೇಳುವಷ್ಟು ಸಂಬಳ ನನಗಿಲ್ಲ.

ಗೀಸರ್ ಅಂತಲಾದರೂ ಬರೆಯಲಿ, ಬಾಯ್ಲರ್ ಅಂತಲಾದರೂ ಬರೆಯಲಿ. ಕಾಯಿರಿ ಎಂದು ಬರೆದದ್ದು ನನ್ನ ತಲೆ ಕೆಡಿಸಿತು. ಊರಿನಲ್ಲಿ ನಾವು ಬಾಯಲ್ಲೂ ಆಡದ ಮಾತನ್ನು ಇವರು ಆಳೆತ್ತರದ ಅಕ್ಷರದಲ್ಲಿ ಬರೆಸಿ, ರಾತ್ರಿ ಹೊಳೆಯುವ ಬಣ್ಣ ಬೇರೆ ಹಾಕಿಸಿದ್ದರು. ಜನ ಬಂದರು, ಓದಿದರು, ಹೇಳಿದ ಹಾಗೆ ಕೂತು ಕಾದರು. ನಮ್ಮ ಜನ ಯಾವ ಬೋರ್ಡಿನ ಮಾತನ್ನೂ ಕೇಳುವುದಿಲ್ಲ, ಇಲ್ಲಿ ಉಗಿಯಬೇಡಿ ಎಂದು ಬರೆದರೆ ಅಲ್ಲೇ ಉಗಿಯುತ್ತಾರೆ. ಇದೊಂದನ್ನು ಮಾತ್ರ ಶಿರಸಾವಹಿಸಿ ಪಾಲಿಸಿದರು. ಬುಗ್ಗೆ ನಿಂತೇಹೋಯಿತು. ಬಾಯಲ್ಲಿ ಒಂದಿಷ್ಟು ಹಬೆ, ಒಳಗೆಲ್ಲೋ ಗುಡುಗುಡು ಸದ್ದು, ಅಷ್ಟೇ. ಊರಬಚ್ಚಲಿನ ತೊಟ್ಟಿಗಳ ತಳದಲ್ಲಿ ಪಾಚಿ ಕಾಣಿಸತೊಡಗಿತು.

ಸಾಹೇಬರ ಹತ್ತಿರ ಹೋಗಿ ಜಗಳ ಮಾಡಿದೆ. ಅವರು ಸಿಟ್ಟಾಗಲಿಲ್ಲ, ಕೂರಿಸಿ, ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ನೆಲದಾಳದಲ್ಲಿ ಕೆಂಡದಂಥ ಬಂಡೆ ಇದೆಯಂತೆ. ಮಳೆಯ ನೀರು ಇಂಗಿ ಇಂಗಿ ಅಲ್ಲಿಗೆ ಇಳಿಯುತ್ತದೆ. ಮೇಲಕ್ಕೆ ಬರಲು ಒಂದೇ ಕಿರಿದಾದ, ಸೊಟ್ಟ ಕೊಳವೆ, ಅದರ ತುಂಬ ನೀರು. ಕೆಳಗಿನ ನೀರು ಕುದಿಯುವುದಕ್ಕಿಂತ ಹೆಚ್ಚು ಕಾದಿರುತ್ತದೆ, ಆದರೂ ಕುದಿಯಲಾರದು, ಏಕೆಂದರೆ ಮೇಲಿನ ನೀರಿನ ಭಾರವೆಲ್ಲ ಅದರ ತಲೆಯ ಮೇಲೆ ಕೂತಿರುತ್ತದೆ. ಕಾದು ಕಾದು, ಯಾವಾಗಲೋ ನಾಲ್ಕು ಗುಳ್ಳೆ ಎದ್ದು ಬಾಯಿಯಿಂದ ಒಂದಿಷ್ಟು ನೀರು ಚೆಲ್ಲುತ್ತದೆ. ಆ ಒಂದಿಷ್ಟು ಭಾರ ಇಳಿದದ್ದೇ ನೆಪ, ಕೆಳಗಿನದ್ದೆಲ್ಲ ಒಮ್ಮೆಗೇ ಹಬೆಯಾಗಿ ಮೇಲಿನದನ್ನು ಎತ್ತಿ ಒಗೆಯುತ್ತದೆ. ಕುಕ್ಕರ್ ಆರುವ ಮೊದಲು ಮುಚ್ಚಳ ತೆಗೆದ ಹಾಗೆ ಎಂದೆ. ಹೌದು, ಹಾಗೇ ಎಂದರು. ನಮ್ಮಿಬ್ಬರಿಗೂ ಅಲ್ಲಿಯವರೆಗೆ ಒಪ್ಪಿಗೆಯಾಯಿತು. ಆ ಭಾರದಲ್ಲಿ ಬೆಂಚಿನ ಮೇಲೆ ಕೂತವರದ್ದೂ ಸೇರುತ್ತದೆ ಎಂದಾಗ ಅವರು ಪೆನ್ನಿನ ಮುಚ್ಚಳ ಹಾಕಿದರು.

ಇದೇ ಹೊತ್ತಿಗೆ ನನ್ನ ಮಗಳು ಇಂದ್ರಾಣಿ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಬೆಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು, ಹೆಣ್ಣುಮಗು. ಕೂಸು ಗುಂಡುಗುಂಡಾಗಿತ್ತು, ಅಳು ಊರಿಗೆಲ್ಲ ಕೇಳುವ ಹಾಗಿತ್ತು, ಇವಳು ನನ್ನ ಮೊಮ್ಮಗಳೇ ಎಂದು ಖಾತ್ರಿಯಾಯಿತು. ಆದರೆ ಇಂದ್ರಾಣಿಗೆ ಹಾಲು ಇಳಿಯಲಿಲ್ಲ. ಕೆಲವರಿಗೆ ತಡವಾಗುತ್ತದೆ, ಮಗುವನ್ನು ಮತ್ತೆ ಮತ್ತೆ ಎದೆಗೆ ಹಿಡಿಸಿ, ಅಲ್ಲಿಯವರೆಗೆ ಡಬ್ಬಿ ಹಾಲನ್ನು ಚಮಚದಲ್ಲಿ ಕುಡಿಸಿ, ತಾಯಿಯನ್ನು ಗಾಬರಿ ಮಾಡಬೇಡಿ ಎಂದು ನರ್ಸಮ್ಮ ಹೇಳಿ ಕಳಿಸಿದ್ದರು. ನಾವು ಗಾಬರಿ ಮಾಡಲಿಲ್ಲ. ಸಬ್ಬಸಿಗೆ ಸೊಪ್ಪು ಬೇಯಿಸಿ ಹಾಕಿದೆವು, ಬೆಳ್ಳುಳ್ಳಿ ಸುಟ್ಟು ತಿನ್ನಿಸಿದೆವು, ಮೆಂತ್ಯದ ಗಂಜಿ ಕುಡಿಸಿದೆವು. ಪ್ರತಿ ಸಲ ಕುಡಿಸಿದ ಮೇಲೂ ಸುತ್ತ ಕೂತು ಅವಳ ಎದೆಯನ್ನು ನೋಡಿದೆವು. ಬಂದ ನೆಂಟರು ಹೊಸಿಲು ದಾಟುವ ಮೊದಲೇ, ಇಳೀತಾ ಎಂದು ಕೇಳುತ್ತಿದ್ದರು. ಚಮಚದ ಹಾಲು ಕೂಸಿಗೆ ಹಿಡಿಸುತ್ತಿರಲಿಲ್ಲ, ಕುಡಿದದ್ದರಲ್ಲಿ ಅರ್ಧ ಕಕ್ಕುತ್ತಿತ್ತು. ಗುಂಡುಗೆನ್ನೆ ಇಳಿಯುತ್ತ ಬಂತು. ಇಂದ್ರಾಣಿ ಮಾತು ಕಡಿಮೆ ಮಾಡಿದಳು, ಆಮೇಲೆ ನಿಲ್ಲಿಸಿಯೇಬಿಟ್ಟಳು.

ಬೀಗಿತ್ತಿ ದೇವೀರಮ್ಮ ಜೀಪು ಮಾಡಿಸಿಕೊಂಡು ಬಂದರು. ಕೆಟ್ಟವರಲ್ಲ. ಸೊಸೆಯ ಮಂಚದ ತುದಿಯಲ್ಲಿ ಕೂತವರು ಊಟಕ್ಕಷ್ಟೇ ಏಳುತ್ತಿದ್ದರು. ಬಾಣಂತಿಗೆ ಎರೆಯಲು ಬಿಸಿನೀರೂ ಇಲ್ಲ, ಮಗುವಿಗೆ ಹಾಲೂ ಇಲ್ಲ, ಇದೆಂಥ ತವರು ಎಂದು ನನ್ನೆದುರು ಹೇಳಲಿಲ್ಲ, ನನಗೆ ಕೇಳುವ ಹಾಗೆ ಗೋಡೆಗೆ ಹೇಳಿದರು. ಆಮೇಲೆ ನನಗೇ ಹೇಳಿದರು.

"ನೋಡಿ ಬೀಗ್ತಿ, ನಾಳೆ ಹೊತ್ತಿಗೆ ಹಾಲು ಬಂದ್ರೆ ಸರಿ. ಇಲ್ದಿದ್ರೆ ತಾಯಿ ಮಗೂನ ನಾವು ಕರ್ಕೊಂಡು ಹೋಯ್ತೀವಿ. ಅಲ್ಲಿ ಡಾಕ್ಟ್ರಾದ್ರೂ ಹತ್ರ ಇದಾರೆ."

ಆ ಹಾಳು ಬೋರ್ಡು ಇಲ್ಲದಿದ್ದರೆ ನನ್ನ ಮಗಳಿಗೆ ಹಂಡೆಗಟ್ಟಲೆ ಬಿಸಿನೀರು ಹುಯ್ದು, ಮೈಯ ನರನರವನ್ನೂ ಸಡಿಲಿಸಿ ಮಲಗಿಸುತ್ತಿದ್ದೆ, ಹಾಲು ತಾನಾಗಿ ಬರುತ್ತಿತ್ತು ಎಂದು ಕುದಿದೆ. ಗ್ಯಾಸಿನ ಮೇಲೆ ಕಾಯಿಸಿದ ಒಂದು ಕೊಳದಪ್ಪಲೆ ನೀರಿನಲ್ಲಿ ಬಾಣಂತಿಯ ಬೆನ್ನೂ ಬಿಸಿಯಾಗುವುದಿಲ್ಲ.

ಮಾರನೆಯ ದಿನವೇ ಆ ಬೆಂಚುಗಳ ಗ್ಯಾಲರಿಯ ಉದ್ಘಾಟನೆ. ಇಲಾಖೆಯ ಮೇಲಿನವರು ಹೆಂಡತಿ, ಮಕ್ಕಳು, ಮೊಮ್ಮಕ್ಕಳ ಸಮೇತ ಬಂದರು. ಶಾಮಿಯಾನ, ಹಾರ, ಮೈಕು, ಸ್ವಾಗತ ಭಾಷಣ. ಸಾಹೇಬರು ನನ್ನನ್ನು ಬದಿಗೆ ಕರೆದು, ಇವತ್ತೊಂದು ದಿನ ಯಾವ ದಾರಿಯಲ್ಲಿ ಬಂದಿರಿ ಅಂತ ಯಾರನ್ನೂ ಕೇಳಬೇಡಿ ಎಂದು ಕೈ ಮುಗಿದರು. ಕೇಳಲಿಲ್ಲ. ಕಂಬದ ಹಿಂದೆ ನಿಂತು ನೋಡಿದೆ. ಮೈಕಿನವನು ಇನ್ನೇನು ಕೆಲವೇ ಕ್ಷಣಗಳಲ್ಲಿ ಎಂದ, ಮತ್ತೆ ಮತ್ತೆ ಅದನ್ನೇ ಅಂದ. ಬೆಂಚಿನ ತುಂಬ ಜನ ಮೊಬೈಲು ಎತ್ತಿ ಹಿಡಿದು, ತೋಳು ನೋವು ಬಂದು, ಇನ್ನೊಂದು ಕೈಗೆ ಬದಲಾಯಿಸಿಕೊಂಡರು. ಬುಗ್ಗೆ ಒಂದು ಸಲ ತೇಗಿತು. ಮೇಲಿನವರ ಮೊಮ್ಮಗು ಅಳಲು ಶುರುಮಾಡಿತು. ಕಡೆಗೆ ಅವರು ಎದ್ದು, ಕುಂಡದಲ್ಲಿ ಒಂದು ಸಸಿ ನೆಟ್ಟು, ಫೋಟೋ ತೆಗೆಸಿಕೊಂಡು ಹೊರಟುಹೋದರು.

ಎಲ್ಲರೂ ಹೋದ ಮೇಲೆ ಸಾಹೇಬರು ಖಾಲಿ ಬೆಂಚಿನ ಮೇಲೆ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ನಾನು ಎರಡು ಮಾತು ಆಡೋಣ ಎಂದೇ ಹೋದೆ. ಅವರೇ ಮೊದಲು ಬಾಯಿಬಿಟ್ಟರು.

"ಇನ್ನೆಷ್ಟು ಅಂತ ಕಾಯ್ಲಿ ಸಾಕಮ್ಮ? ಕೆಳಗೆ ನೀರಿದೆ, ಶಾಖ ಇದೆ. ಎಲ್ಲ ಸರಿಯಾಗಿದೆ."

"ಎಲ್ಲ ಸರಿಯಾಗಿದ್ದಾಗಲೇ ಸಾಹೇಬ್ರೇ ಸುಮ್ನೆ ಬಿಡಬೇಕಾದ್ದು. ಆ ಬೋರ್ಡ್ ಬಿಚ್ಚಿ, ಆ ಕಡೆ ಮುಖ ಮಾಡ್ಕೊಂಡು ಕೂತ್ಕೊಳಿ. ಕುದಿಯೋದ್ರ ಮೇಲೆ ಎಲ್ರೂ ಹತ್ತಿ ಕೂತ್ರೆ ಅದು ಏನು ಮಾಡುತ್ತೆ, ಪಾಪ."

ಹೀಗೆ ದೊಡ್ಡದಾಗಿ ಬುದ್ಧಿ ಹೇಳಿ, ಚಪ್ಪಲಿ ಬಡಿಯುತ್ತ ಮನೆಗೆ ಬಂದೆ. ಬಾಣಂತಿ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಂಚದ ತುದಿಯಲ್ಲಿ ದೇವೀರಮ್ಮ, ಕೆಳಗೆ ಚಾಪೆಯ ಮೇಲೆ ಅಕ್ಕಪಕ್ಕದ ಹೆಂಗಸರು, ಬಾಗಿಲ ಹೊರಗೆ ಕತ್ತು ಮಾತ್ರ ಒಳಗಿಟ್ಟುಕೊಂಡು ನಮ್ಮ ಯಜಮಾನರು. ಕೂಸು ಇಂದ್ರಾಣಿಯ ಎದೆಗೆ ಬಾಯಿ ಹಚ್ಚುತ್ತಿತ್ತು, ಬಿಡುತ್ತಿತ್ತು, ಕಿರುಚುತ್ತಿತ್ತು. ಹೊರಗೆ ಜೀಪು ನಿಂತಿತ್ತು, ದೇವೀರಮ್ಮನವರು ಸೊಸೆಯ ಬಟ್ಟೆಯನ್ನು ಆಗಲೇ ಚೀಲಕ್ಕೆ ತುಂಬಿಸಿದ್ದರು. ನಾನು ಹೆಂಗಸರನ್ನು ಸರಿಸಿ, ಮಂಚದ ಹತ್ತಿರ ಬಗ್ಗಿ, ಸೆರಗು ಸರಿಸಿ ನೋಡಿ, ಇಳೀತಾ ಎಂದು ಕೇಳಿದೆ.

ಇಂದ್ರಾಣಿ ತಲೆ ಎತ್ತಿದಳು. ಅಷ್ಟು ದಿನ ಮುಚ್ಚಿದ್ದ ಬಾಯಿ. ದೊಡ್ಡ ದನಿಯಲ್ಲೇನೂ ಹೇಳಲಿಲ್ಲ.

"ಅವ್ವ, ಆ ಬುಗ್ಗೆ ಮುಂದೆ ಯಾರಾದ್ರೂ ಕಣ್ಣು ಬಿಟ್ಕೊಂಡು ಕೂತ್ರೆ ಬೈದು ಎಬ್ಬಿಸ್ತೀಯ. ದಿನಾ ಎಬ್ಬಿಸ್ತೀಯ. ನನ್ನ ಮುಂದೆ ಮಾತ್ರ ಊರೆಲ್ಲ ಬೆಂಚ್ ಹಾಕ್ಕೊಂಡು ಕೂತಿದೀರಿ. ಆ ನೀರಿಗಿರೋ ಮರ್ಯಾದೆ ನನಗಿಲ್ವಾ?"

ಚಾಪೆಯ ಮೇಲಿನ ಹೆಂಗಸರು ನೆಲ ನೋಡಿದರು. ದೇವೀರಮ್ಮ, ಏನಂದಳು, ಏನಂದಳು ಎಂದು ಪಕ್ಕದವರನ್ನು ಕೇಳಿದರು. ನನಗೆ ಮೊದಲು ಬಂದದ್ದು ಸಿಟ್ಟು. ಹೆತ್ತವಳಿಗೆ ಹೀಗಾ ಮಾತಾಡುವುದು ಎಂದು ಬಾಯಿಯವರೆಗೂ ಬಂತು. ಅಲ್ಲೇ ನಿಂತಿತು. ಅವಳು ಹೇಳಿದ್ದರಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ. ಟವೆಲನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು ಹೋಗುವ ಊರು ಇದು. ಹುಟ್ಟಿದಾಗಿನಿಂದ ಕಾಯದೆ ಇರುವುದನ್ನೇ ಕಲಿತ ಜನ, ಹೊಸ ಸೊಸೆಯರಿಗೆ ವರ್ಷಗಟ್ಟಲೆ ಅದನ್ನೇ ಕಲಿಸುವ ಜನ, ನನ್ನ ಮಗಳ ಮಂಚದ ಸುತ್ತ ಕೂತು ಕಾದಿದ್ದೆವು. ಅದೂ ಆ ಕೆಲಸಕ್ಕೆ ಸಂಬಳ ತೆಗೆದುಕೊಳ್ಳುವ ನಾನು ಎಲ್ಲರಿಗಿಂತ ಮುಂದೆ. ಅವಳ ತಲೆಯ ಮೇಲೆ ಎಷ್ಟು ಭಾರ ಹೇರಿದ್ದೆವೋ. ನನಗೆ ನಾಚಿಕೆಯಾಯಿತು, ಅವಳ ಮೇಲೆ ಪ್ರಾಣವೇ ಹೋಗುವಷ್ಟು ಅಕ್ಕರೆಯೂ ಬಂತು. ತೋರಿಸಿಕೊಳ್ಳಲಿಲ್ಲ.

ಅಕ್ಕಪಕ್ಕದವರನ್ನು ಎಬ್ಬಿಸುವುದು ಕಷ್ಟವಾಗಲಿಲ್ಲ, ಅವರು ನಮ್ಮೂರಿನವರು, ಮಾತು ಮುಗಿಯುವ ಮೊದಲೇ ಅರ್ಥ ಮಾಡಿಕೊಂಡು, ಬೇರೆ ಏನೋ ಕೆಲಸ ನೆನಪಾದವರ ಹಾಗೆ ಎದ್ದರು. ದೇವೀರಮ್ಮನವರು ಅಲ್ಲಾಡಲಿಲ್ಲ. ಹೇಳಿ ಎಬ್ಬಿಸುವ ಹೆಂಗಸಲ್ಲ ಅವರು. ನಾನು ಚೀಲ ನೋಡಿದೆ, ಬಾಗಿಲಲ್ಲಿ ಕತ್ತು ಚಾಚಿದ್ದ ಯಜಮಾನರನ್ನು ನೋಡಿದೆ, ಮತ್ತು ಸುಮ್ಮನೆ ಕೇಳಿದೆ.

"ಬೀಗ್ತಿ, ಜೀಪಲ್ಲಿ ಯಾವ ದಾರೀಲಿ ಬಂದ್ರಿ?"

ಕೆರೆ ಏರಿಯ ಮೇಲಿಂದ ಎಂದರು. ಅಯ್ಯೋ ಅದು ಸುತ್ತು, ಎಳೆಕೂಸನ್ನು ಕರೆದುಕೊಂಡು ಹೋಗುವಾಗ ಉದ್ಯಾನದ ಗೇಟಿನ ದಾರಿಯೇ ಒಳ್ಳೆಯದು ಎಂದೆ. ಗೇಟಿನ ದಾರಿ ಬರೀ ಹಳ್ಳ, ಏರಿಯದ್ದೇ ಸರಿ ಎಂದು ಯಜಮಾನರು ಬಾಗಿಲಿನಿಂದಲೇ ತಕರಾರು ತೆಗೆದರು. ಅವರು ತೆಗೆಯುತ್ತಾರೆಂದು ನನಗೆ ಗೊತ್ತು, ಇಷ್ಟು ವರ್ಷ ಬಾಳಿದ್ದೇನೆ. ಬೀಗರು ತಮ್ಮ ಪರ ಮಾತಾಡಿದ್ದೇ ದೇವೀರಮ್ಮನವರಿಗೆ ಹುರುಪು ಬಂತು, ಆದರೆ ಯಜಮಾನರು ಹೇಳಿದ ತಿರುವು ಬೇರೆ, ಅವರು ಬಂದ ತಿರುವು ಬೇರೆ. ಜೀಪಿನವನನ್ನೇ ಕೇಳೋಣ ಎಂದು ಇಬ್ಬರೂ ಎದ್ದು ಅಂಗಳಕ್ಕೆ ಹೋದರು. ಜೀಪಿನವನು ಮೂರನೆಯ ದಾರಿ ಹೇಳಿದನೆಂದು ಆಮೇಲೆ ತಿಳಿಯಿತು. ನಾನು ಕದ ಒರಗಿಸಿದೆ.

ಮೊರದಲ್ಲಿ ಅವರೆಕಾಯಿ ತುಂಬಿಕೊಂಡು ಬಂದು, ಮಂಚಕ್ಕೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೂತೆ. ಸುಲಿಯುತ್ತ ಮಾತಾಡತೊಡಗಿದೆ. ಹಾಲಿನ ಮಾತಲ್ಲ, ಮಗುವಿನ ಮಾತೂ ಅಲ್ಲ. ಆ ಸಾಹೇಬರ ಬೆಂಚಿನ ಮಾತು. ಅದಕ್ಕೆ ಹೊಡೆಸಿದ ಹಸಿರು ಬಣ್ಣ ಬಿಸಿಲಿಗೆ ಜಿಗುಟಾಗಿ ಜನರ ಪಂಚೆಗೆಲ್ಲ ಅಂಟುವುದು, ಒಬ್ಬ ಪ್ರವಾಸಿ ಬೆನ್ನಿಗೂ ಕೂರುವ ಜಾಗಕ್ಕೂ ಪಟ್ಟೆ ಪಟ್ಟೆ ಮಾಡಿಕೊಂಡು ಹುಲಿಯ ಹಾಗೆ ಹೋದದ್ದು, ಅದನ್ನು ಕಂಡು ನಾಯಿ ಬೊಗಳಿದ್ದು. ಬೆನ್ನ ಹಿಂದೆ ಕೂಸು ಕಿರುಚುತ್ತಲೇ ಇತ್ತು. ಎದ್ದು ತಿರುಗಿ, ಸರಿಯಾಗಿ ಹಿಡಿ, ತಲೆ ಎತ್ತು ಎಂದು ಹೇಳಲು ನನ್ನ ಪ್ರಾಣ ಒದ್ದಾಡುತ್ತಿತ್ತು. ಪ್ರವಾಸಿಗಳನ್ನು ಎಷ್ಟು ಬೈದಿದ್ದೆ. ಕಾಯದೆ ಇರುವುದು ಇಷ್ಟು ಕಷ್ಟವೆಂದು ನಾನು ಆವತ್ತಿನವರೆಗೆ ತಿಳಿದಿರಲಿಲ್ಲ. ಕಾಯದವರ ಹಾಗೆ ನಟಿಸಿದರೆ ಬುಗ್ಗೆಗೆ ಗೊತ್ತಾಗುತ್ತದೆ, ಮಗಳಿಗೂ ಗೊತ್ತಾಗುತ್ತದೆ. ಹಾಗಾಗಿ ನಿಜವಾಗಿಯೂ ಆ ಬಣ್ಣದ ಮೇಲೆ ಸಿಟ್ಟು ಮಾಡಿಕೊಂಡೆ. ಸಿಟ್ಟು ಮಾಡಿಕೊಳ್ಳುವುದು ನನಗೆ ಯಾವತ್ತೂ ಕಷ್ಟವಾದದ್ದಿಲ್ಲ.

ಬುಗ್ಗೆ ಯಾವಾಗ ಉಕ್ಕಿತು ಎಂದು ನನ್ನನ್ನು ಕೇಳಬೇಡಿ, ನನಗೆ ಅದರ ಸದ್ದು ಕೇಳಲಿಲ್ಲ. ಆ ಸಂಜೆಯೇ ಎಂದು ಸಾಹೇಬರು ಹೇಳುತ್ತಾರೆ. ಬೋರ್ಡಿನ ಬೋಲ್ಟು ಬುಗ್ಗೆಯ ಹಬೆಗೆ ಆಗಲೇ ತುಕ್ಕು ಹಿಡಿದು ಬಿಗಿಯಾಗಿತ್ತಂತೆ, ಅದರ ಜೊತೆ ಗುದ್ದಾಡುತ್ತ, ಅದನ್ನು ಹಾಕಿದವನನ್ನು ಬೈಯುತ್ತ ಇದ್ದಾಗ ಹಿಂದಿನಿಂದ ಅಂಗಿಯೆಲ್ಲ ತೋಯ್ದುಹೋಯಿತಂತೆ. ಅವರ ಚಿತ್ರದ ಪ್ರಕಾರ ಇದ್ದರೂ ಇರಬಹುದು, ನನ್ನ ಪ್ರಕಾರ ಇದ್ದರೂ ಇರಬಹುದು.

ನಾನು ಮಾತಿನಲ್ಲಿ ಆ ಹುಲಿಪಟ್ಟೆಯ ಪ್ರವಾಸಿಯನ್ನು ಬಸ್ಸು ಹತ್ತಿಸುವ ಹೊತ್ತಿಗೆ ಬೆನ್ನ ಹಿಂದೆ ಅಳು ನಿಂತಿತು. ಒಂದು ಸಲ ಕೆಮ್ಮಿದ ಸದ್ದು. ಆಮೇಲೆ ಗುಟುಕು, ಇನ್ನೊಂದು ಗುಟುಕು, ಮೂಗಿನಲ್ಲಿ ಗೊರ ಗೊರ ಉಸಿರು, ಮತ್ತೆ ಗುಟುಕು. ಹೊಟ್ಟೆಬಾಕನ ಹಾಗೆ, ಅವಸರ ಅವಸರವಾಗಿ. ನನ್ನ ಕೈಯಲ್ಲಿನ ಅವರೆಕಾಯಿ ಮೊರಕ್ಕೆ ಬಿತ್ತು. ಕಣ್ಣು ತುಂಬಿ ಗೋಡೆಯೇ ಕಾಣಲಿಲ್ಲ, ಮಾತು ಅರ್ಧಕ್ಕೇ ನಿಂತಿತು.

"ನಿಲ್ಲಿಸ್ಬೇಡ ಅವ್ವ," ಎಂದಳು ಇಂದ್ರಾಣಿ ಮೆಲ್ಲಗೆ. "ಮಾತಾಡ್ತಾ ಇರು."

ನಾನು ಮೂಗು ಒರೆಸಿಕೊಂಡು, ಗೋಡೆಗೆ ಮುಖ ಮಾಡಿಕೊಂಡೇ, ಅಲ್ಲ ಕಣೇ, ಬೆಂಚಿಗೆ ಹಸಿರು ಬಣ್ಣ ಯಾರಾದರೂ ಹೊಡೆಸುತ್ತಾರೇನೇ ಎಂದು ಮೊದಲಿನಿಂದ ಶುರುಮಾಡಿದೆ.